ಭಯಾನಕದ ಮೂರು ಬಗೆಗಳು ಮತ್ತು ಕನ್ನಡದ ಹುಲಿ

೧

ಕನ್ನಡ ಕಾವ್ಯಮೀಮಾಂಸೆಯ ಚರ್ಚೆಗಳಲ್ಲಿ ಶೃಂಗಾರ, ವೀರ, ಕರುಣ, ಶಾಂತಗಳಿಗೆ ಸಂದ ಗಮನ ಭಯಾನಕಕ್ಕೆ ಸಂದಿಲ್ಲ. ರಸವಿಚಾರವನ್ನೇ ಮುಖ್ಯವಾಗಿಟ್ಟುಕೊಂಡ ಸಾಳ್ವನ ‘ರಸರತ್ನಾಕರ’ವನ್ನು ಓದುವವರು ಕೂಡ ಸಾಮಾನ್ಯವಾಗಿ ಶೃಂಗಾರ ಪ್ರಕರಣದಲ್ಲಿಯೇ ನಿಲ್ಲುತ್ತಾರೆ. ಭಯವು ಕೀಳು ಭಾವವೆಂಬ ಪೂರ್ವಗ್ರಹವೇ ಇದಕ್ಕೆ ಕಾರಣವಿರಬಹುದು. ಭರತನೇ ಭಯಾನಕವನ್ನು ಸ್ತ್ರೀಯರಿಗೂ ನೀಚ ಪ್ರಕೃತಿಯವರಿಗೂ ಸಹಜವಾದುದೆಂದು ಹೇಳಿ ಈ ಪೂರ್ವಗ್ರಹಕ್ಕೆ ಶಾಸ್ತ್ರದ ಬೆಂಬಲ ಒದಗಿಸಿದ್ದಾನೆ. ಆದರೆ ಅದೇ ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕವನ್ನು ಮೂರಾಗಿ ವಿಂಗಡಿಸುತ್ತಾನೆ: ವ್ಯಾಜದಿಂದ, ಅಂದರೆ ನಟನೆಯಿಂದ, ಹುಟ್ಟುವುದು, ಅಪರಾಧದಿಂದ ಹುಟ್ಟುವುದು, ವಿತ್ರಾಸದಿಂದ, ಅಂದರೆ ನೇರವಾಗಿ ಬೆಚ್ಚಿಬೀಳುವುದರಿಂದ, ಹುಟ್ಟುವುದು. ವಿಮರ್ಶೆಯು ಹೆಚ್ಚಾಗಿ ಬಳಸದೆ ಬಿಟ್ಟ ಈ ವಿಂಗಡಣೆ ಕನ್ನಡ ಕಥನ ಪರಂಪರೆಯಲ್ಲಿ ಹುಲಿಯ ಭಯ ಪಡೆದಿರುವ ರೂಪಗಳನ್ನು ಅರಿಯಲು ಒಳ್ಳೆಯ ಸಾಧನವಾಗಬಲ್ಲದು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಭರತನ ಮಾತಿನ ವ್ಯಾಪ್ತಿಯನ್ನು ಇಲ್ಲಿ ತುಸು ಹಿಗ್ಗಿಸಿಕೊಳ್ಳಲಾಗಿದೆ. ಅವನು ರಂಗದ ಮೇಲಿನ ಪಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದುದನ್ನು ಸಮುದಾಯದ ನಡವಳಿಕೆಗೂ ಅನ್ವಯಿಸಲಾಗಿದೆ.

ಮನಶ್ಶಾಸ್ತ್ರವು ಈ ವಿಷಯದಲ್ಲಿ ಹೇಳುವುದನ್ನು ಮೊದಲು ಗಮನಿಸಬೇಕು. ಮನುಷ್ಯನು ಕೆಲವು ಭಯಗಳನ್ನು ಇತರ ಭಯಗಳಿಗಿಂತ ಸುಲಭವಾಗಿ ಕಲಿಯುತ್ತಾನೆ, ಅದಕ್ಕೆ ಜೀವವಿಕಾಸವೇ ಅವನನ್ನು ಅಣಿಗೊಳಿಸಿದೆ ಎಂಬ ವಾದವನ್ನು ಮಾರ್ಟಿನ್ ಸೆಲಿಗ್ಮನ್ ೧೯೭೧ರಲ್ಲಿ ಮಂಡಿಸಿದರು. ಜೋಸೆಫ್ ಲೆಡೂ ಅವರು ೧೯೯೬ರ ತಮ್ಮ ಗ್ರಂಥದಲ್ಲಿ, ಅಪಾಯದ ಸೂಚನೆ ಮೆದುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ, ಒಂದು ವಸ್ತುವೇನೆಂದು ತಿಳಿಯುವ ಮೊದಲೇ ದೇಹವನ್ನು ಬೆಚ್ಚಿಸುತ್ತದೆ, ಇನ್ನೊಂದು ನಿಧಾನವಾಗಿ ಅರ್ಥಮಾಡಿಕೊಳ್ಳುತ್ತದೆ ಎಂದು ವಿವರಿಸಿದರು. ಅವರೇ ಮುಂದೆ, ೨೦೧೫ರ ಹೊತ್ತಿಗೆ, ಆ ಮೊದಲ ದೈಹಿಕ ಪ್ರತಿಕ್ರಿಯೆಯನ್ನು ‘ಭಯ’ವೆಂದು ಕರೆಯುವುದೇ ಸರಿಯಲ್ಲವೆಂದರು. ನಾವು ಭಯವೆಂದು ಅನುಭವಿಸುವುದು ನೆನಪು, ಭಾಷೆ, ಸಂಸ್ಕೃತಿಗಳು ಸೇರಿ ಕಟ್ಟಿದ ಅರಿವು ಎಂಬುದು ಅವರ ನಂತರದ ನಿಲುವು. ಸಾಹಿತ್ಯದ ವಿದ್ಯಾರ್ಥಿಗೆ ಈ ತಿದ್ದುಪಡಿ ಬಹಳ ಮುಖ್ಯ. ಬೆಚ್ಚುವುದು ಪ್ರಾಣಿಧರ್ಮವಾದರೆ, ಭಯಪಡುವುದನ್ನು ಸಮುದಾಯವು ಕಥೆಯ ಮೂಲಕ ಕಲಿಸುತ್ತದೆ.

ಭಯವು ಅಪಾಯದ ಲೆಕ್ಕವನ್ನು ಅನುಸರಿಸುವುದಿಲ್ಲ ಎಂಬುದಕ್ಕೆ ಒಂದು ಅಂಕಿ ಸಾಕು. ೨೦೦೦ದಿಂದ ೨೦೧೯ರ ವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು ೧೨ ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹುಲಿಯಿಂದ ಸಾಯುವವರ ಸಂಖ್ಯೆ ಇದರ ಸಮೀಪಕ್ಕೂ ಬಾರದು. ಆದರೂ ಒಂದು ಹುಲಿ ಊರ ಅಂಚಿಗೆ ಬಂದರೆ ಹತ್ತು ಹಳ್ಳಿಯ ಬಾಗಿಲು ಮುಚ್ಚುತ್ತವೆ. ಹಾವು ಕೊಲ್ಲುತ್ತದೆ, ಹುಲಿ ತಿನ್ನುತ್ತದೆ. ೧೯೮೫ರಲ್ಲಿ ಆಸ್ಟ್ರೇಲಿಯದ ಕಾಕಡು ಪ್ರದೇಶದಲ್ಲಿ ಮೊಸಳೆಯ ಬಾಯಿಗೆ ಸಿಕ್ಕಿ ಬದುಕಿ ಬಂದ ತತ್ತ್ವಶಾಸ್ತ್ರಜ್ಞೆ ವಾಲ್ ಪ್ಲಮ್‌ವುಡ್ ತಾನು ಇನ್ನೊಂದು ಜೀವಿಯ ಆಹಾರವೆಂಬ ಅರಿವೇ ಆ ಗಳಿಗೆಯ ತಿರುಳು ಎಂದು ವಿವೇಚಿಸಿದ್ದಾರೆ. ತಾನು ಉಣ್ಣುವವನು ಮಾತ್ರವಲ್ಲ, ಉಣ್ಣಲ್ಪಡುವವನೂ ಹೌದು ಎಂಬ ಸತ್ಯವನ್ನು ಮನುಷ್ಯ ಹೇಗೆ ಅರಗಿಸಿಕೊಂಡಿದ್ದಾನೆ? ಈ ಪ್ರಶ್ನೆಗೆ ಕನ್ನಡದ ಉತ್ತರಗಳು ಒಂದೇ ಬಗೆಯವಲ್ಲ.

೨

ಅಪರಾಧಜನ್ಯ ಭಯಾನಕದಿಂದ ಆರಂಭಿಸಬಹುದು. ನಮ್ಮ ಪ್ರಾಚೀನ ಕಥನಗಳಲ್ಲಿ ಅದೇ ಪ್ರಬಲವಾದುದು. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯಲ್ಲಿ ಮೊದಲೆರಡು ಕಥೆಗಳೇ ಕಾಡುಪ್ರಾಣಿಗೆ ಆಹಾರವಾಗುವ ಮುನಿಗಳವು. ಸುಕುಮಾರಸ್ವಾಮಿಯನ್ನು ಮರಿಗಳೊಡನೆ ಬಂದ ನರಿ ತಿನ್ನುತ್ತದೆ. ಸುಕೌಶಳಸ್ವಾಮಿಯನ್ನು ಹುಲಿ ತಿನ್ನುತ್ತದೆ, ಆ ಹುಲಿ ಅವನ ಹಿಂದಿನ ತಾಯಿಯೇ. ಮಗ ತಪಸ್ಸಿಗೆ ಹೊರಟುಹೋದ ದುಃಖದಲ್ಲಿ ಸತ್ತ ತಾಯಿ ಹುಲಿಯಾಗಿ ಹುಟ್ಟುತ್ತಾಳೆ. ಇಲ್ಲಿ ಹುಲಿ ಹೊರಗಿನ ಶತ್ರುವಲ್ಲ. ಮನೆಯಿಂದ ಹೊರಟುಹೋದ ನಂಟು ಹಲ್ಲು ಉಗುರು ಪಡೆದು ತಿರುಗಿ ಬಂದುದು. ಮುನಿಯು ಓಡುವುದಿಲ್ಲ, ಕೂಗುವುದಿಲ್ಲ, ಉಪಸರ್ಗವನ್ನು ಸಹಿಸುತ್ತಾನೆ. ಜೈನ ಕಥನದ ತರ್ಕದಲ್ಲಿ ಭಯವು ದೇಹವನ್ನು ತನ್ನದೆಂದು ತಿಳಿದವನಿಗೆ ಮಾತ್ರ ಉಂಟು. ದೇಹದ ಮೋಹವನ್ನು ಬಿಟ್ಟವನನ್ನು ತಿನ್ನಬಹುದು, ಹೆದರಿಸಲಾಗದು.

ಇದಕ್ಕೆ ಎದುರಾಗಿ ಹೊಯ್ಸಳರ ಮೂಲಕಥೆಯನ್ನಿಟ್ಟರೆ ಒಂದು ಕುತೂಹಲಕರ ವೈದೃಶ್ಯ ಕಾಣುತ್ತದೆ. ಸೊಸೆವೂರಿನ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಹುಲಿ ಎರಗಿದಾಗ ಸಳನಿಗೆ ಹೊಡೆಯೆಂದು ಆಜ್ಞಾಪಿಸುವವನೂ ಜೈನ ಮುನಿಯೇ. ವಡ್ಡಾರಾಧನೆಯ ಮುನಿ ಹುಲಿಗೆ ತನ್ನನ್ನು ಒಪ್ಪಿಸಿಕೊಂಡರೆ, ಸೊಸೆವೂರಿನ ಮುನಿ ಹುಲಿಯ ಸಾವಿನ ಮೇಲೆ ಒಂದು ರಾಜವಂಶವನ್ನು ಸ್ಥಾಪಿಸುತ್ತಾನೆ. ಒಂದೇ ಧರ್ಮದ ಆವರಣದಲ್ಲಿ ಇವೆರಡೂ ಇರುವುದನ್ನು ವಿರೋಧಾಭಾಸವೆಂದು ತಳ್ಳಿಹಾಕಬೇಕಿಲ್ಲ. ಮೊದಲನೆಯದು ವ್ಯಕ್ತಿಯ ಬಿಡುಗಡೆಯ ಕಥೆ, ಎರಡನೆಯದು ನಾಡಿನ ರಕ್ಷಣೆಯ ಕಥೆ. ಊರಿನ ಭಯವನ್ನು ನೀಗುವವನು ಆಳಲು ಯೋಗ್ಯ ಎಂಬ ನಂಬಿಕೆಯು ಹೊಯ್ಸಳ ಲಾಂಛನದಲ್ಲಿದೆ. ಹುಲಿಯೊಡನೆ ಹೋರಾಡಿ ಮಡಿದ ಸಾಮಾನ್ಯರಿಗೆ ನೆಟ್ಟ ವೀರಗಲ್ಲುಗಳಲ್ಲೂ ಅದೇ ನಂಬಿಕೆ ಇದೆ. ವ್ಯತ್ಯಾಸವಿಷ್ಟೆ: ಸಳನಿಗೆ ರಾಜ್ಯ ದಕ್ಕಿತು, ಇವರಿಗೆ ಕಲ್ಲು ದಕ್ಕಿತು.

ಹುಲಿಯ ಹಿಂದೆ ಮನುಷ್ಯನ ಅಪರಾಧವನ್ನು ಹುಡುಕುವ ಈ ಪ್ರವೃತ್ತಿ ಪುರಾಣಗಳಲ್ಲಿಯೂ ಉಂಟು. ಪುಣ್ಯಕೋಟಿಯ ಕಥೆಗೆ ಹತ್ತಿರವಾದ ಪದ್ಮಪುರಾಣದ ನಂದಾ ಎಂಬ ಹಸುವಿನ ಕಥೆಯಲ್ಲಿ ಹುಲಿಯು ಶಾಪಗ್ರಸ್ತನಾದ ಪ್ರಭಂಜನನೆಂಬ ಅರಸು. ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಕೊಂದುದು ಅವನ ಅಪರಾಧ. ಹಸುವಿನ ಸತ್ಯದಿಂದ ಅವನಿಗೆ ಶಾಪವಿಮೋಚನೆಯಾಗುತ್ತದೆ. ಓದುಗನಿಗೆ ಇದರಿಂದ ಸಮಾಧಾನವೂ ಆಗುತ್ತದೆ. ಏಕೆಂದರೆ ಹುಲಿಯೆಂಬುದೇ ನಿಜವಾಗಿ ಇರಲಿಲ್ಲ, ಇದ್ದವನು ತಪ್ಪು ಮಾಡಿದ ಮನುಷ್ಯ ಎಂದು ಕಥೆ ಹೇಳಿಬಿಡುತ್ತದೆ.

೩

ಕನ್ನಡದ ‘ಗೋವಿನ ಹಾಡು’ ಈ ಸಮಾಧಾನವನ್ನು ನಿರಾಕರಿಸುತ್ತದೆ. ಕರ್ತೃ ತಿಳಿಯದ ಈ ಹಾಡಿನ ಜನಪ್ರಿಯ ಪಾಠದಲ್ಲಿ ಅರ್ಬುತನಿಗೆ ಪೂರ್ವಜನ್ಮವಿಲ್ಲ, ಶಾಪವಿಲ್ಲ. ಅವನು ಹುಲಿ, ಅವನಿಗೆ ಹಸಿವಾಗಿದೆ, ಅಷ್ಟೆ. ಹಾಡಿನ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಭಯದ ದೃಷ್ಟಿಯಿಂದ ಹಾಡಿನ ವಿನ್ಯಾಸವನ್ನು ನೋಡೋಣ. ಮೊದಲು ಬರುವುದು ಶಬ್ದ: ಹುಲಿಯ ಗರ್ಜನೆಗೆ ಹಿಂಡು ದಿಕ್ಕೆಟ್ಟು ಓಡುತ್ತದೆ. ಇದು ಭರತನು ಹೇಳುವ ವಿಕೃತ ರವದಿಂದ ಹುಟ್ಟಿದ ಶುದ್ಧ ವಿತ್ರಾಸ, ಲೆಡೂ ಹೇಳುವ ವೇಗದ ದಾರಿ. ಪುಣ್ಯಕೋಟಿಗೆ ಈ ಓಟದಲ್ಲಿ ಪಾಲಿಲ್ಲ. ಕರುವನ್ನು ನೆನೆಯುತ್ತ ಬಂದ ಅವಳು ಹುಲಿಯನ್ನು ಒಂಟಿಯಾಗಿ ಎದುರಿಸುತ್ತಾಳೆ. ಅಲ್ಲಿಂದ ಮುಂದೆ ಹಾಡಿನ ನಡಿಗೆ ನಿಧಾನವಾಗುತ್ತದೆ. ಬೇಟೆಯೂ ಬೇಟೆಗಾರನೂ ಮಾತಾಡತೊಡಗುತ್ತಾರೆ. ಅವಳ ಭಯ ಇಲ್ಲವಾಗುವುದಿಲ್ಲ. ಅದರ ವಿಷಯ ಬದಲಾಗುತ್ತದೆ. ತಾನು ಸಾಯುವೆನೆಂಬ ಅಂಜಿಕೆ ಕರು ತಬ್ಬಲಿಯಾಗುವುದೆಂಬ ಅಂಜಿಕೆಯಾಗುತ್ತದೆ. ದೊಡ್ಡಿಗೆ ಮರಳಿದ ಅವಳು ಕರುವನ್ನು ಉಳಿದ ತಾಯಂದಿರ ಕೈಗೆ ಒಪ್ಪಿಸುವ ಭಾಗ ಹಾಡಿನ ಹೃದಯವೆಂದು ಎಲ್ಲರೂ ಒಪ್ಪುತ್ತಾರೆ. ಕರುಣರಸದ ಸ್ಥಾನವೆಂದು ಗುರುತಿಸಲಾಗುವ ಈ ಭಾಗ ಭಯಾನಕವು ಕರುಣಕ್ಕೆ ತಿರುಗುವ ಸ್ಥಾನವೂ ಹೌದು. ಸ್ತ್ರೀಯರಿಗೆ ಸಹಜವೆಂದು ಭರತನು ಕೀಳಾಗಿ ಕಂಡ ಭಯವನ್ನು ಹಾಡು ತಾಯಿಯ ಜವಾಬ್ದಾರಿಯಾಗಿ ಪರಿವರ್ತಿಸಿದೆ.

ಎರಡನೆಯ ತಿರುವು ಇನ್ನೂ ಮುಖ್ಯವಾದುದು. ಕೊಟ್ಟ ಮಾತಿಗೆ ತಪ್ಪದೆ ಹಸು ಮರಳಿ ಬಂದಾಗ, ಹಾಡಿನಲ್ಲಿ ಮೊದಲ ಬಾರಿಗೆ, ಅಂಜುವವನು ಹುಲಿ. ತಿಂದರೆ ತನಗೆ ಬರುವ ಪಾಪವನ್ನು ಅವನು ಕಾಣುತ್ತಾನೆ. ಭರತನ ಅಪರಾಧಜನ್ಯ ಭಯ ಇಲ್ಲಿ ಬೇಟೆಯಿಂದ ಬೇಟೆಗಾರನಿಗೆ ದಾಟುತ್ತದೆ. ಆದರೆ ಹಾಡುಗಾರ ಪ್ರಾಣಿಲೋಕವನ್ನು ಬಲ್ಲವನು. ಹುಲಿ ಹುಲ್ಲು ತಿಂದು ಬದುಕಿತು ಎಂದು ಅವನು ಸುಳ್ಳು ಹೇಳುವುದಿಲ್ಲ. ಕನಿಕರವುಳ್ಳ ಹುಲಿಗೆ ಬದುಕಿಲ್ಲ. ಅರ್ಬುತನು ಹಾರಿ ಪ್ರಾಣ ಬಿಡುವುದು ನೀತಿಕಥೆಯ ಅಲಂಕಾರವಲ್ಲ. ಹುಲಿತನವನ್ನೂ ಕರುಣೆಯನ್ನೂ ಒಂದೇ ದೇಹದಲ್ಲಿ ಇರಿಸಲಾಗದೆಂಬ ಕಠಿಣ ತಿಳಿವಳಿಕೆ.

ಈ ಹಾಡು ಬಲಿಪಶುವಿಗೆ ವಿಧೇಯತೆಯನ್ನು ಬೋಧಿಸುತ್ತದೆ, ತಿನ್ನುವವನ ಮುಂದೆ ಸತ್ಯವಂತನಾಗಿರು ಎಂದು ದುರ್ಬಲನಿಗೇ ಹೇಳುತ್ತದೆ ಎಂಬ ಆಕ್ಷೇಪ ವಿಮರ್ಶೆಯಲ್ಲಿ ಕೇಳಿಬಂದಿದೆ. ಆಕ್ಷೇಪ ತೂಕವುಳ್ಳದ್ದೇ. ಆದರೆ ಅದು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಬಿಟ್ಟಿದೆ: ಕಾಳಿಂಗನೆಂಬ ಗೊಲ್ಲನೆಲ್ಲಿ? ಹಾಡಿನ ಆರಂಭದಲ್ಲಿ ಹಸುಗಳನ್ನು ಹೆಸರು ಹಿಡಿದು ಕರೆದು ಹಾಲು ಕರೆದುಕೊಳ್ಳುವ ಒಡೆಯ, ಹುಲಿ ಅಡ್ಡಗಟ್ಟಿದಾಗ ಇಲ್ಲ. ಹಸುವಿನ ನಷ್ಟ ತಾಯಿಯ ನಷ್ಟವಾಗಿ, ಕರುವಿನ ನಷ್ಟವಾಗಿ ಚಿತ್ರಿತವಾಗಿದೆಯೇ ಹೊರತು ಒಡೆಯನ ನಷ್ಟವಾಗಿ ಅಲ್ಲ. ಮನುಷ್ಯನನ್ನು ಹೊರಗಿಟ್ಟುದರಿಂದಲೇ ಹಸು ಹುಲಿಗಳ ನಡುವೆ ಆ ಸಂವಾದ ಸಾಧ್ಯವಾಯಿತು. ಹಾಡಿನ ಸೌಂದರ್ಯವೂ ಮಿತಿಯೂ ಅದೇ.

೪

ವ್ಯಾಜ ಭಯಾನಕದ ನೆಲೆ ಆಚರಣೆ. ತುಳುನಾಡಿನ ಪಿಲಿಚಾಮುಂಡಿ, ನವರಾತ್ರಿ ಮತ್ತು ಉಡುಪಿಯ ಕೃಷ್ಣಾಷ್ಟಮಿಯ ಹುಲಿವೇಷಗಳು ಸುಪರಿಚಿತ. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲದಲ್ಲಿ ಹುಲಿಯ ವೇಷ ಧರಿಸಿದ ಪಾತ್ರಿ ಜನರನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಅವನು ಮುಟ್ಟಿದವರಿಗೆ ಸಾವು ಸಮೀಪಿಸಿತೆಂಬ ನಂಬಿಕೆ ಉಂಟು. ಆದ್ದರಿಂದ ಇಲ್ಲಿ ನಟನೆ ಪೂರ್ತಿ ನಟನೆಯಲ್ಲ. ಓಡುವ ಕಾಲುಗಳು ನಿಜವಾಗಿ ಓಡುತ್ತವೆ. ಆದರೆ ಓಟಕ್ಕೆ ದಿನವುಂಟು, ಸ್ಥಳವುಂಟು, ಮುಗಿಯುವ ಹೊತ್ತುಂಟು. ಕಾಡಿನ ಹುಲಿಗೆ ಇಲ್ಲದ ಈ ಮೂರು ಎಲ್ಲೆಗಳನ್ನು ಆಚರಣೆ ಕಲ್ಪಿಸಿಕೊಡುತ್ತದೆ.

ಹೈದರಾಬಾದಿನಲ್ಲಿರುವ ಸಂಶೋಧಕರಿಗೆ ಇದರ ಇನ್ನೊಂದು ರೂಪ ಹತ್ತಿರದಲ್ಲಿಯೇ ಸಿಗುತ್ತದೆ. ೧೯೫೬ರ ವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದ ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಮೊಹರಂ ಸಮಯದಲ್ಲಿ ಹರಕೆ ಹೊತ್ತವರು ಮೈಗೆ ಹುಲಿಯ ಪಟ್ಟೆ ಬರೆಸಿಕೊಂಡು ಕುಣಿಯುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ಸೇರುವ ಈ ಆಚರಣೆಯಲ್ಲಿ ಹುಲಿ ಯಾವ ಒಂದು ಮತದ ಸೊತ್ತೂ ಅಲ್ಲ. ಕರಾವಳಿಯ ಹುಲಿವೇಷದ ಬಗ್ಗೆ ನಡೆದಷ್ಟು ಅಧ್ಯಯನ ಈ ಬಯಲುಸೀಮೆಯ ಹುಲಿಯ ಬಗ್ಗೆ ನಡೆಯಬೇಕಾಗಿದೆ.

ಹೆಸರಿಡುವುದೂ ವ್ಯಾಜದ ಒಂದು ಬಗೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯಲ್ಲಿ ಗುತ್ತಿಯ ನಾಯಿಯ ಹೆಸರು ಹುಲಿಯ. ಕಾಡಿನಲ್ಲಿ ಅಂಜಿಸುವುದರ ಹೆಸರನ್ನು ಕಾಲ ಬಳಿ ನಡೆಯುವ ಒಡನಾಡಿಗೆ ಇಡುವುದರಲ್ಲಿ ಮಲೆನಾಡಿನ ಮನಸ್ಸಿನ ಗುಟ್ಟಿದೆ. ಆ ಹುಲಿಯ ಕೊನೆಗೆ ತುಂಗೆಯ ಪ್ರವಾಹದ ಪಾಲಾಗುತ್ತದೆ. ಪ್ರಕೃತಿಯ ಮುಂದೆ ಹುಲಿಯೆಂಬ ಹೆಸರಿಗೆ ರಕ್ಷಣೆಯಿಲ್ಲ ಎಂಬುದನ್ನು ಕಾದಂಬರಿ ಒತ್ತಿ ಹೇಳದೆಯೇ ಹೇಳುತ್ತದೆ.

ಇನ್ನು ವಿತ್ರಾಸದ ಆಧುನಿಕ ಕಥನ. ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್ ಅವರ ನರಭಕ್ಷಕಗಳ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದರು. ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಎಂಬ ಹೆಸರಿನಲ್ಲಿ ಅಲಂಕಾರಶಾಸ್ತ್ರದ ಪದವೊಂದು ಸಾಮಾನ್ಯ ಓದುಗನ ಕೈಗೆ ಬಂದಿತು. ೧೯೧೮ರಿಂದ ೧೯೨೬ರ ವರೆಗೆ, ಸರ್ಕಾರಿ ದಾಖಲೆಯಂತೆ, ೧೨೫ ಮಂದಿಯನ್ನು ಕೊಂದ ಆ ಚಿರತೆಯನ್ನು ಗಢವಾಲದ ಜನ ದುಷ್ಟಶಕ್ತಿಯೆಂದು ನಂಬಿದ್ದರು. ಸಾಧುವೊಬ್ಬನೇ ರಾತ್ರಿ ಚಿರತೆಯಾಗುತ್ತಾನೆಂದು ಶಂಕಿಸಿ ಅವನ ಪ್ರಾಣಕ್ಕೆ ಸಂಚಕಾರ ತಂದ ಪ್ರಸಂಗವೂ ಕಾರ್ಬೆಟ್ಟರ ಕಥನದಲ್ಲಿದೆ. ಅಂಕೆ ತಪ್ಪಿದ ಭಯ ಪ್ರಾಣಿಯನ್ನು ಬಿಟ್ಟು ಮನುಷ್ಯನ ಮೇಲೆ ಎರಗುವ ರೀತಿಗೆ ಇದು ನಿದರ್ಶನ.

ಬೇಟೆಗಾರ ಈ ಭಯಕ್ಕೆ ವಿಚಾರದ ರೂಪ ಕೊಡುತ್ತಾನೆ: ಹೆಜ್ಜೆಗುರುತು, ಕೊಂದ ಸ್ಥಳ, ಗಾಳಿಯ ದಿಕ್ಕು. ಕೊನೆಯಲ್ಲಿ ಕಾರಣವನ್ನೂ ಕಾಣುತ್ತಾನೆ. ೧೯೦೭ರಲ್ಲಿ ಸತ್ತ ಚಂಪಾವತದ ಹೆಣ್ಣು ಹುಲಿಯ ಕೋರೆಹಲ್ಲುಗಳು ಗುಂಡೇಟಿನಿಂದ ಮುರಿದಿದ್ದುವು. ಗಢವಾಲದಲ್ಲಿ ಚಿರತೆ ನರಭಕ್ಷಕವಾದುದಕ್ಕೆ ೧೯೧೮ರ ಇನ್‌ಫ್ಲುಯೆಂಜಾದಲ್ಲಿ ಸಂಸ್ಕಾರವಾಗದೆ ಉಳಿದ ಶವಗಳೇ ಕಾರಣವೆಂದು ಕಾರ್ಬೆಟ್ ಊಹಿಸಿದರು. ಪ್ರಭಂಜನನ ಶಾಪವಿದ್ದ ಜಾಗದಲ್ಲಿ ಈಗ ಗಾಯವಿದೆ. ಪುರಾಣಕಾರನೂ ಶಿಕಾರಿಯೂ ಒಂದೇ ಮಾತನ್ನು ಬೇರೆ ಭಾಷೆಯಲ್ಲಿ ಹೇಳುತ್ತಿದ್ದಾರೆ: ಹುಲಿ ತಾನಾಗಿ ಮನುಷ್ಯನನ್ನು ತಿನ್ನದು, ಎಲ್ಲಿಯೋ ಮನುಷ್ಯನ ತಪ್ಪು ನಡೆದಿದೆ. ಬಹುಮಟ್ಟಿಗೆ ನಿಜವಾದ ಈ ಮಾತಿನಲ್ಲಿ ಸಾಂತ್ವನವೂ ಸೇರಿಕೊಂಡಿರುವುದನ್ನು ವಿಮರ್ಶಕ ಗಮನಿಸಬೇಕು. ತಪ್ಪು ನಮ್ಮದೆಂದರೆ ತಿದ್ದುವ ಅಧಿಕಾರವೂ ನಮ್ಮದೇ ಆಗುತ್ತದೆ. ಬರಿಯ ಹಸಿವಿಗೆ ತಿನ್ನಲ್ಪಡುವೆವೆಂಬ ಸತ್ಯವನ್ನು ಒಪ್ಪುವುದು ಇದಕ್ಕಿಂತ ಕಷ್ಟ.

೫

ಈ ವಿವೇಚನೆ ಕೇವಲ ಗ್ರಂಥಗಳ ಮಟ್ಟದಲ್ಲಿ ನಿಲ್ಲುವಂಥದಲ್ಲ. ೨೦೧೪ರಲ್ಲಿ ೪೦೬ ಇದ್ದ ಕರ್ನಾಟಕದ ಹುಲಿಗಳ ಅಂದಾಜು ಸಂಖ್ಯೆ ೨೦೨೨ರಲ್ಲಿ ೫೬೩ಕ್ಕೆ ಏರಿತು. ಸಂರಕ್ಷಣೆಯ ಈ ಯಶಸ್ಸಿನ ಬೆಲೆಯನ್ನು ತೆರುವವರು ಕಾಡಂಚಿನವರು. ರಾತ್ರಿ ಮಾತ್ರ ವಿದ್ಯುತ್ ಬಂದರೆ ರಾತ್ರಿಯೇ ಹೊಲಕ್ಕೆ ನೀರು ಹಾಯಿಸಬೇಕು. ಹಗಲು ವಿದ್ಯುತ್ ಕೊಡಿ ಎಂಬ ಅವರ ಬೇಡಿಕೆ ಭಯದ ಬೇಡಿಕೆಯೇ. ೨೦೨೫ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಗ್ರಾಮಸ್ಥರು, ಹುಲಿಯನ್ನು ಹಿಡಿಯಲೆಂದು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಕೇಳುವವರಿಲ್ಲದ ಭಯ ಕೋಪವಾಗುತ್ತದೆ.

ಅದಕ್ಕಿಂತ ಗಂಭೀರವಾದುದು ಅದೇ ವರ್ಷ ಜೂನ್ ೨೬ರಂದು ಬೆಳಕಿಗೆ ಬಂದ ಘಟನೆ. ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಹುಲಿಯನ್ನು ವಾಹನವಾಗಿ ಏರಿದ ಮಾದೇಶ್ವರನ ಬೆಟ್ಟವದು. ಕಂಸಾಳೆಯವರು ಆ ದೇವರ ಪವಾಡಗಳನ್ನು ಇಂದಿಗೂ ಹಾಡುವ ಸೀಮೆ. ಸಮೀಪದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುತ್ತಾರೆ. ಅಲ್ಲಿ ಹುಲಿ ಮೀಸಲು ಅರಣ್ಯ ಘೋಷಣೆಯಾದ ೨೦೧೧ರಲ್ಲಿಯೇ ಅವರ ಅರಣ್ಯಹಕ್ಕುಗಳಿಗೂ ಮನ್ನಣೆ ದೊರೆಯಿತು. ಇಂಥ ಸೀಮೆಯಲ್ಲಿಯೇ ಇದು ನಡೆಯಿತೆಂಬುದು ಭಕ್ತಿಯು ಭಯವನ್ನು ಸದಾಕಾಲ ತಡೆಹಿಡಿಯಬಲ್ಲದೆಂಬ ನಮ್ಮ ಜಾನಪದ ಅಧ್ಯಯನಗಳ ನೆಮ್ಮದಿಯನ್ನು ಕದಡಬೇಕು.

ಗೋವಿನ ಹಾಡಿನ ಬೆಳಕಿನಲ್ಲಿ ಈ ಘಟನೆಯನ್ನು ಓದಿದರೆ ಅದರ ದಾರುಣತೆ ಸ್ಪಷ್ಟವಾಗುತ್ತದೆ. ಹಾಡಿನಲ್ಲಿ ಹಸು ತನ್ನ ಮಾಂಸವನ್ನು ಸತ್ಯಕ್ಕಾಗಿ ಒಪ್ಪಿಸಿತು, ಹುಲಿ ಪಾಪಕ್ಕೆ ಅಂಜಿ ಸತ್ತಿತು. ಇಲ್ಲಿ ಹಸುವಿನ ಮಾಂಸ ಸುಳ್ಳಿನ ವಾಹಕವಾಯಿತು, ಹುಲಿ ಏನನ್ನೂ ಅರಿಯದೆ ಸತ್ತಿತು. ಹಾಲೂಡುವ ತಾಯಿಯೂ ಮರಿಗಳೂ ಈಗ ಹುಲಿಯ ಕಡೆಗಿದ್ದರು. ಹಾಡು ಹೊರಗಿಟ್ಟಿದ್ದ ಕಾಳಿಂಗ ತನ್ನ ನಷ್ಟದ ಲೆಕ್ಕ ಹಿಡಿದು ಮರಳಿ ಬಂದಿದ್ದ. ಅವನನ್ನು ಕೇವಲ ಅಪರಾಧಿಯೆಂದು ಕರೆದು ಕಾನೂನು ಸುಮ್ಮನಾಗಬಹುದು, ವಿಮರ್ಶೆ ಸುಮ್ಮನಾಗಲಾರದು. ಅವನ ಭಯಕ್ಕೂ ನಷ್ಟಕ್ಕೂ ನಮ್ಮ ಅತ್ಯಂತ ಪ್ರೀತಿಯ ಹಾಡಿನಲ್ಲಿ ಜಾಗವಿರಲಿಲ್ಲ ಎಂಬುದನ್ನು ಅದು ಗುರುತಿಸಬೇಕು.

ನಗರದ ಭಯ ಇನ್ನೊಂದು ಬಗೆಯದು. ೨೦೨೦ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ದಿನಗಳಲ್ಲಿ, ಹೈದರಾಬಾದಿನ ಮೈಲಾರ್‌ದೇವ್‌ಪಲ್ಲಿಯ ಬಳಿ ಹೆದ್ದಾರಿಯ ಮೇಲೆ ಚಿರತೆಯೊಂದು ಮಲಗಿದ್ದ ದೃಶ್ಯವನ್ನು ಲಕ್ಷಾಂತರ ಜನ ಮೊಬೈಲಿನಲ್ಲಿ ನೋಡಿದರು. ನೋಡಿದವರ ರೋಮಾಂಚನಕ್ಕೂ, ೨೦೨೦ರ ನವೆಂಬರಿನಲ್ಲಿ ಹುಲಿಗೆ ಇಬ್ಬರು ಬಲಿಯಾದ ತೆಲಂಗಾಣದ ಕುಮುರಂ ಭೀಮ್ ಜಿಲ್ಲೆಯ ಹತ್ತಿ ಹೊಲಗಳ ಅಂಜಿಕೆಗೂ ಒಂದೇ ಪದವನ್ನು ಬಳಸುವುದು ಸರಿಯೆ? ಅಭಿನವಗುಪ್ತನು ಭಯಾನಕವನ್ನು ವಿವರಿಸಲು ಶಾಕುಂತಲದ ಮೊದಲಂಕದ ಓಡುವ ಜಿಂಕೆಯನ್ನು ಆಯ್ದುಕೊಂಡ. ಆ ಭಯ ಜಿಂಕೆಯದೂ ಅಲ್ಲ, ನನ್ನದೂ ಅಲ್ಲ, ಪರರದೂ ಅಲ್ಲ. ದೇಶಕಾಲಗಳ ಕಟ್ಟಿಲ್ಲದ ಭಯವೇ ರಸವಾಗುತ್ತದೆ ಎಂದ. ಅದು ಸಹೃದಯನಿಗೆ ಸಲ್ಲುವ ಮಾತು. ಹತ್ತಿ ಬಿಡಿಸುವವಳ ಭಯಕ್ಕೆ ದೇಶವೂ ಕಾಲವೂ ಉಂಟು, ಅದು ಅವಳದೇ. ಅದನ್ನು ರಸವಾಗಿ ಮಾತ್ರ ಓದುವುದು ಸುರಕ್ಷಿತರ ಸೌಕರ್ಯ. ಮೌಢ್ಯವೆಂದು ತಳ್ಳುವುದು ಸುರಕ್ಷಿತರ ಅಹಂಕಾರ.

ಹೊರನಾಡಿನ ಸಂಶೋಧಕರು ಕೈಗೊಳ್ಳಬಹುದಾದ ಕೆಲಸ ಇಲ್ಲಿ ಬೇಕಾದಷ್ಟಿದೆ. ತೆಲುಗಿನಲ್ಲಿ ಅನಂತಾಮಾತ್ಯನ ‘ಭೋಜರಾಜೀಯಮು’ ಕಾವ್ಯದಲ್ಲಿ ಬರುವ ಗೋವ್ಯಾಘ್ರ ಸಂವಾದವನ್ನು ಗೋವಿನ ಹಾಡಿನೊಡನೆ ಇಟ್ಟು, ಒಡೆಯನ ಸ್ಥಾನವೇನು, ಹುಲಿಯ ಗತಿಯೇನು, ಭಯ ಯಾರಿಂದ ಯಾರಿಗೆ ದಾಟುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ಪದ್ಮಪುರಾಣದ ಕಥೆ ದಕ್ಷಿಣದ ಎರಡು ನೆರೆಭಾಷೆಗಳಲ್ಲಿ ಹೇಗೆ ಕವಲೊಡೆಯಿತೆಂಬುದು ಅದರಿಂದ ತಿಳಿದೀತು. ಅಷ್ಟೇ ತುರ್ತಾದ ಇನ್ನೊಂದು ಕೆಲಸವೆಂದರೆ ಕಾಡಂಚಿನ ದನಗಾಹಿಗಳು ಇಂದು ಹುಲಿಯ ಬಗ್ಗೆ ಹೇಳುತ್ತಿರುವ ಕಥೆಗಳನ್ನು ಬರೆದುಕೊಳ್ಳುವುದು. ಕಾಳಿಂಗನ ಪಾಲಿನ ಹಾಡು ಅವುಗಳಲ್ಲಿ ಇರಬಹುದು.